ಗೋಡೆಗೆ ಬಳಿದ ಹವಳ

ವಿಜ್ಞಾನ ಪಾಠ ಮಾಡಲು ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರು ಈಗಲೂ ಆಗಾಗ ನಮ್ಮ ಮನೆಗೆ ಬರುತ್ತಾರೆ. ಕಾಫಿ ಕುಡಿದು, ಲೋಟ ಕೆಳಗಿಟ್ಟು, "ನಿಮ್ಮ ಅನುಭವ ಹೇಳಿ ಅಕ್ಕೋರೆ" ಎನ್ನುತ್ತಾರೆ. ಅವರಿಗೆ ಬೇಕಾದದ್ದು ಉಪದೇಶ, ನನ್ನ ಹತ್ತಿರ ಇರುವುದು ಬರೀ ಎಡವಟ್ಟು. ಉಪದೇಶ ಮಾಡುವವರು ಊರಲ್ಲಿ ಬೇಕಾದಷ್ಟು ಸಿಗುತ್ತಾರೆ, ಅದಕ್ಕೆ ನನ್ನ ಮನೆಯವರೆಗೆ ನಡೆದು ಬರಬೇಕಾಗಿಲ್ಲ. ಆದ್ದರಿಂದ ನಾನು ಹವಳದ ಕತೆ ಹೇಳುತ್ತೇನೆ. ಹೇಳಿ ಹೇಳಿ ಬಾಯಿ ನೋವು ಬಂದಿದೆ, ಇನ್ನು ಬರೆದೇ ಇಡುವುದು ವಾಸಿ.

ಅರವತ್ತರ ದಶಕ. ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಏಳುತ್ತಿತ್ತು. ಸಾಗರದ ರಸ್ತೆಯಲ್ಲಿ ನೋಡಿದಲ್ಲೆಲ್ಲ ಸಿಮೆಂಟಿನ ಲಾರಿ. ನಾನು ಸಾಗರದವಳು, ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ ಹೊಸನಗರ ತಾಲ್ಲೂಕಿನ ಒಂದು ಖಾಸಗಿ ಹೈಸ್ಕೂಲಿಗೆ ವಿಜ್ಞಾನದ ಟೀಚರಾಗಿ ಸೇರಿದೆ. ಊರಿನ ಹೆಸರು ಬೇಡ, ಅಲ್ಲಿನವರಿಗೆ ನೆನಪಿನ ಶಕ್ತಿ ಜಾಸ್ತಿ. ಶಾಲೆಯಲ್ಲಿ ವಿಜ್ಞಾನ ವಿಭಾಗ ಆಗ ತಾನೇ ಶುರುವಾಗಿತ್ತು. ಅದಕ್ಕೆ ಕಾಯಂ ಮಂಜೂರಾತಿ ಇರಲಿಲ್ಲ, ನನಗೂ ಇರಲಿಲ್ಲ. ವಿಭಾಗ ಉಳಿದರೆ ನಾನು ಉಳಿಯುತ್ತಿದ್ದೆ.

ಆದರೆ ನನಗಿಂತ ಹೆಚ್ಚು ಆ ವಿಭಾಗಕ್ಕೆ ಜೋತುಬಿದ್ದವಳು ಎಂಟನೇ ತರಗತಿಯ ನಾಗವೇಣಿ. ಅರಳಸುರಳಿ ಕಡೆಯ ಗೇಣಿದಾರರ ಮಗಳು. ಶಾಲೆಯಿದ್ದ ಊರಿನಲ್ಲೇ ಸೋದರತ್ತೆಯ ಮನೆಯಲ್ಲಿದ್ದು ಓದುತ್ತಿದ್ದಳು. ಅವಳಿಗೆ ನರ್ಸ್ ಆಗಬೇಕಿತ್ತು. ನರ್ಸಿಂಗಿಗೆ ವಿಜ್ಞಾನ ಬೇಕು. ಅವಳ ಅಪ್ಪ ಶಾಲೆಗೆ ಸೇರಿಸುವಾಗಲೇ ನನ್ನೆದುರು ಖಡಾಖಂಡಿತ ಹೇಳಿದ್ದರು: "ಇಲ್ಲಿ ಸೈನ್ಸ್ ಇರೋತಂಕ ಓದ್ಲಿ ಅಕ್ಕೋರೆ. ತೀರ್ಥಳ್ಳಿ, ಶಿವಮೊಗ್ಗ ಅಂತ ಕಳ್ಸೋ ಶಕ್ತಿ ನಂಗಿಲ್ಲ. ಇಲ್ಲಿ ನಿಂತ್ರೆ ಮನೆಗ್ ಕರ್ಕೊಂಡ್ ಹೋಗಿ ಮದ್ವೆ ಮಾಡ್ತೀನಿ." ಗಂಡೂ ಗೊತ್ತಾಗಿತ್ತಂತೆ. ಅದನ್ನು ಹೇಳುವಾಗ ನಾಗವೇಣಿ ಅಪ್ಪನ ಬೆನ್ನ ಹಿಂದೆ ನಿಂತು ನನಗೆ ಮಾತ್ರ ಕಾಣುವ ಹಾಗೆ ಮೂತಿ ತಿರುವಿದ್ದಳು.

ಮೊದಲ ವರ್ಷ ಇನ್‌ಸ್ಪೆಕ್ಟರ್ ಸಾಹೇಬರು ಬಂದರು. ಮೈಸೂರು ಕಡೆಯವರು, ಬೇಸಿಗೆಯಲ್ಲೂ ಕಪ್ಪು ಕೋಟು. ನಮ್ಮ ಪ್ರಯೋಗಶಾಲೆ ಎಂದರೆ ಒಂದು ಗಾಜಿನ ಬೀರು. ಅದರಲ್ಲಿ ಸ್ಪಿರಿಟ್ಟಿನಲ್ಲಿ ಮುಳುಗಿದ ಒಂದು ಹಸಿರು ಹಾವು, ಪಾದರಸ ಸೋರಿಹೋದ ಥರ್ಮಾಮೀಟರು, ಕೆಲವು ಗಾಜಿನ ಕೊಳವೆ, ಒಂದಿಷ್ಟು ಆಸಿಡ್ ಬಾಟಲಿ. ಸಾಹೇಬರು ಹಾವನ್ನು ನೋಡಿದರು, ಹಾವು ಸಾಹೇಬರನ್ನು ನೋಡಿತು.

"ಸಮುದ್ರ ಜೀವಿಗಳ ಪಾಠ ಇದೆಯಲ್ಲಮ್ಮ, ಹವಳದ್ದು. ಅದನ್ನ ಹೇಗೆ ಮಾಡ್ತೀರಿ?"

"ಬೋರ್ಡಿನ ಮೇಲೆ ಚಿತ್ರ ಬರೀತೀನಿ ಸಾರ್."

"ಬರೀರಿ, ನೋಡೋಣ."

ಬರೆದೆ. ಅವರು ಕನ್ನಡಕ ಸರಿಮಾಡಿಕೊಂಡು ನೋಡಿ, "ಇದು ಹೂಕೋಸಲ್ವೇ?" ಎಂದರು. ಮುಂದಿನ ಬೆಂಚಿನಿಂದ ನಾಗವೇಣಿ ಕಿಸಕ್ಕೆಂದು ನಕ್ಕಳು. ಸತ್ಯ ಹೇಳಬೇಕೆಂದರೆ ಅದು ಹೂಕೋಸಿನ ಹಾಗೇ ಇತ್ತು. ನಾನೂ ಹವಳವನ್ನು ಕಂಡದ್ದು ಪುಸ್ತಕದಲ್ಲಿ ಮಾತ್ರ.

ಹೊರಡುವಾಗ ಸಾಹೇಬರು ಹೆಡ್ ಮಾಸ್ತರರಿಗೆ ಹೇಳಿದರು: "ಬರೋ ವರ್ಷ ಮತ್ತೆ ಬರ್ತೀನಿ. ಕಣ್ಣಿಗೆ ಕಾಣೋ ವಸ್ತು ಇಟ್ಕೊಂಡು ಪಾಠ ಮಾಡಿರಬೇಕು. ಹಾವು, ಹೂಕೋಸು ಇಷ್ಟರಲ್ಲೇ ವಿಜ್ಞಾನ ಮುಗಿಸೋ ಹಾಗಿದ್ರೆ ವಿಭಾಗ ಮುಚ್ಚೋದಕ್ಕೆ ಬರೀತೀನಿ."

ನಮ್ಮ ಹೆಡ್ ಮಾಸ್ತರು ಶೇಷಗಿರಿಯವರು ಹೆಗ್ಗೋಡಿನ ಕಡೆಯವರು. ಬಾಯಿತುಂಬ ಎಲೆಯಡಿಕೆ, ಮನಸ್ಸಿನ ತುಂಬ ಹೆದರಿಕೆ. ಎಲ್ಲರೆದುರು ಶುದ್ಧ ಪುಸ್ತಕದ ಕನ್ನಡ ಮಾತಾಡಿದರೂ ನಾವಿಬ್ಬರೇ ಇದ್ದಾಗ ನಮ್ಮ ಮನೆಮಾತಿಗೆ ಇಳಿಯುತ್ತಿದ್ದರು. ಜೀಪು ತಿರುವು ದಾಟುತ್ತಲೇ, "ಕೂಸೆ, ಎಲ್ಲಿಂದಾದ್ರೂ ಒಂದು ಹವಳ ತಗಂಡು ಬಾ. ಇಲ್ದಿದ್ರೆ ಎಂಗೊ ಇಬ್ರೂ ಮನಿಗೆ ಹೋಪದೇಯ" ಎಂದರು. ಕೂಸೆ ಎಂದರೆ ನಮ್ಮಲ್ಲಿ ಹುಡುಗಿಯನ್ನು ಕರೆಯುವ ರೀತಿ. ಅವರಿಗೆ ಗಾಬರಿಯಾದಾಗ ಮಾತ್ರ ನಾನು ಕೂಸಾಗುತ್ತಿದ್ದೆ.

ಹವಳ ತರುವುದೇನು ಸೊಪ್ಪು ಕೊಯ್ದು ತಂದಂತೆಯೇ? ನನ್ನ ಅದೃಷ್ಟಕ್ಕೆ ಹಾಸ್ಟೆಲಿನ ಗೆಳತಿ ಸುಮಿತ್ರಾ ಭಟ್ಕಳದವಳು. ಬೇಸಿಗೆ ರಜೆಯಲ್ಲಿ ಅವಳ ಮನೆಗೆ ಹೋದೆ. ಭಟ್ಕಳದಿಂದ ಆಚೆ ಸಮುದ್ರದೊಳಗೆ ನೇತ್ರಾಣಿ ಎಂಬ ಬಂಡೆಯ ದ್ವೀಪವಿದೆ. ಅದರ ಬುಡದ ನೀರಿನಲ್ಲಿ ಹವಳ ಬೆಳೆಯುತ್ತದೆ ಎಂದು ಅವಳ ಮನೆಯ ಹತ್ತಿರದ ಮೀನುಗಾರರು ಹೇಳಿದರು. ಅವರು ಅದನ್ನು ಹವಳ ಎನ್ನುತ್ತಿರಲಿಲ್ಲ, ಸುಮ್ಮನೆ ಕಲ್ಲು ಎನ್ನುತ್ತಿದ್ದರು. ನಾನು ಹೋದ ಮೂರನೆಯ ದಿನ ಒಬ್ಬರ ಲಂಗರಿಗೆ ಸಿಕ್ಕಿ ಕಿತ್ತುಬಂದ ದೊಡ್ಡ ಗಡ್ಡೆಯೊಂದು ದಡ ಸೇರಿತು. ಒಳ್ಳೆ ಹಲಸಿನ ಹಣ್ಣಿನ ಗಾತ್ರ. ಮೈಯೆಲ್ಲ ಕಂದು ಹಳದಿ ಬಣ್ಣ, ಮುಟ್ಟಿದರೆ ಲೋಳೆ.

"ಇದ್ನ ತಕಂಡ್ ಹೋಗಿ ಎಂತ ಮಾಡ್ತ್ರಿ ಅಮಾ?" ಎಂದು ದೋಣಿಯವರು ಕೇಳಿದರು. "ಬಲೆ ಹರಿಯೂದು ಬಿಟ್ರೆ ಇದ್ರಿಂದ ಬೇರೆ ಉಪಕಾರ ಇಲ್ಲ."

"ಪಾಠ ಮಾಡ್ತೀನಿ" ಎಂದೆ. ಪಾಪದ ಹುಡುಗಿ ಎನ್ನುವ ಹಾಗೆ ನೋಡಿ ಅವರೇ ಅದನ್ನು ಗೋಣಿಚೀಲಕ್ಕೆ ತುಂಬಿಕೊಟ್ಟರು.

ಹವಳ ಪ್ರಾಣಿಯೋ, ಗಿಡವೋ, ಕಲ್ಲೋ ಎಂದು ಪುಸ್ತಕಗಳಲ್ಲಿ ಪುಟಗಟ್ಟಲೆ ಬರೆದಿರುತ್ತಾರೆ. ಅದಕ್ಕೆ ನನಗೆ ಗಟ್ಟಿ ಪುರಾವೆ ಸಿಕ್ಕಿದ್ದು ಹೊನ್ನಾವರದಿಂದ ಸಾಗರಕ್ಕೆ ಹೋಗುವ ಬಸ್ಸಿನಲ್ಲಿ. ಚೀಲವನ್ನು ಹಿಂದಿನ ಸೀಟಿನಡಿ ತಳ್ಳಿ ನಾನು ಏನೂ ಅರಿಯದವಳಂತೆ ಮುಂದೆ ಕೂತಿದ್ದೆ. ಗೇರುಸೊಪ್ಪೆ ದಾಟಿ ಘಟ್ಟ ಹತ್ತತೊಡಗಿದಾಗ ಬಿಸಿಲಿಗೆ ಕಾದ ಬಸ್ಸಿನಲ್ಲಿ ಒಂದು ನಾತ ಎದ್ದಿತು. ಸತ್ತ ಪ್ರಾಣಿಯದೇ ನಾತ, ಅನುಮಾನವೇ ಇಲ್ಲ. ಒಬ್ಬೊಬ್ಬರೇ ಮೂಗಿಗೆ ಸೆರಗು, ಟವೆಲು ಹಿಡಿದರು. ಕಂಡಕ್ಟರ್ ನೇರವಾಗಿ ಒಣಮೀನಿನ ಬುಟ್ಟಿ ಇಟ್ಟುಕೊಂಡಿದ್ದ ಹೆಂಗಸಿನ ಹತ್ತಿರ ಹೋದ.

"ಏಯ್, ಇಳ್ಸು ನಿನ್ ಬುಟ್ಟಿ."

"ನನ್ ಮೀನು ಒಣಗಿ ಕಟ್ಟಿಗೆ ಆಯ್ದು. ಮೂಸಿ ನೋಡು ಬೇಕಾರೆ!" ಎಂದು ಅವಳು ಬುಟ್ಟಿಯನ್ನು ಅವನ ಮೂಗಿಗೇ ಹಿಡಿದಳು. "ಈ ನಾತ ನಂದಲ್ಲ. ಯಾರೋ ದೊಡ್ಡೋರದ್ದೇ ಸೈ!"

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದನ್ನು ಸುಮ್ಮನೆ ನೋಡಿಕೊಂಡಿರಲಾಗಲಿಲ್ಲ. ಎದ್ದು, "ಅದು ನನ್ನ ಚೀಲ. ಒಳಗಿರೋದು ಶಾಲೆಯ ಕಲ್ಲು" ಎಂದೆ. ಬಸ್ಸಿಗೆ ಬಸ್ಸೇ ನನ್ನ ಕನ್ನಡಕ, ಎರಡು ಜಡೆ, ಕೈಯಲ್ಲಿದ್ದ ಪುಸ್ತಕ ಎಲ್ಲವನ್ನೂ ನೋಡಿತು.

"ಕಲ್ಲು ನಾರ್ತದಾ ಅಕ್ಕೋರೆ?" ಎಂದ ಕಂಡಕ್ಟರ್. ಬಸ್ಸು ನಿಲ್ಲಿಸಿ, ನನ್ನ ಹವಳವನ್ನು ಬಸ್ಸಿನ ಮೇಲೆ ಬಾಳೆಗೊನೆಗಳ ಜೊತೆ ಹಾಕಿದರು. ಮೀನಿನ ಹೆಂಗಸು ಸಾಗರ ಬರುವವರೆಗೂ ನನ್ನ ಕಡೆ ತಿರುಗಿ ತಿರುಗಿ ನಗುತ್ತಿದ್ದಳು.

ಶಾಲೆಯಲ್ಲೂ ಅದಕ್ಕೆ ಸ್ವಾಗತವೇನೂ ಸಿಗಲಿಲ್ಲ. ಶೇಷಗಿರಿ ಮಾಸ್ತರು ಶಲ್ಯದಿಂದ ಮೂಗು ಮುಚ್ಚಿಕೊಂಡು ಸುತ್ತು ಬಂದು, "ಕಲ್ಲು ಸಾಯ್ತಿಲ್ಲೆ ಕೂಸೆ. ಇದು ಮತ್ತೆಂತೋ ಸತ್ತಿದ್ದು ಇದ್ದು" ಎಂದರು. ಪಾಠವನ್ನು ಅವರು ಒಂದೇ ಉಸಿರಿಗೆ ಕಲಿತಂತಾಯಿತು. ನಾನು ವಿವರಿಸಿದೆ: ಇದು ಒಂದು ಪ್ರಾಣಿಯಲ್ಲ, ಸಾವಿರಾರು ಪುಟ್ಟ ಪ್ರಾಣಿಗಳ ಒಂದು ಕೇರಿ. ಮೇಲಿನ ತೆಳ್ಳನೆಯ ಮಾಂಸ ಕೊಳೆತುಹೋದರೆ ಉಳಿಯುವುದು ಅವು ಕಟ್ಟಿದ ಬಿಳಿ ಮನೆ. ಮಳೆಗೆ ಇಟ್ಟರೆ ಒಂದೆರಡು ತಿಂಗಳಲ್ಲಿ ಸ್ವಚ್ಛವಾಗುತ್ತದೆ. ಮಾಸ್ತರು ಒಪ್ಪಿದರು. ಜವಾನ ಮಂಜಪ್ಪ ಅದನ್ನು ಶಾಲೆಯ ಹಿಂದೆ ಕಟ್ಟಿಗೆ ಕೊಟ್ಟಿಗೆಯ ಪಕ್ಕ ಬಿಟ್ಟು ಬಂದ. ಇದನ್ನು ಯಾಕೆ ತಂದದ್ದು ಎಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮುಂದಿನ ಕತೆಯೆಲ್ಲ ಹುಟ್ಟಿದ್ದು ಇಲ್ಲಿ.

ಆ ವರ್ಷ ಮಳೆ ತನ್ನ ಕೆಲಸ ಚೆನ್ನಾಗಿ ಮಾಡಿತು. ಆಗಸ್ಟಿಗೆ ಹವಳ ತೊಳೆದ ಅಕ್ಕಿಯಂತೆ ಬೆಳ್ಳಗಾಗಿತ್ತು. ಮಳೆ ಬಿಟ್ಟು ಹೊಳವಾದ ಒಂದು ಮಧ್ಯಾಹ್ನ ಒಂಬತ್ತನೇ ತರಗತಿಯನ್ನು ಹಿಂದಿನ ಜಗಲಿಗೆ ಕರೆದುಕೊಂಡು ಹೋಗಿ ಪಾಠ ಮಾಡಿದೆ. ಮಕ್ಕಳಿಗೆ ಮೊದಲು ನಿರಾಸೆ. ಹವಳ ಎಂದರೆ ಅಮ್ಮಂದಿರ ಸರದಲ್ಲಿರುವ ಕೆಂಪು ಮಣಿ ಎಂದುಕೊಂಡಿದ್ದರು. ಕೆಂಪು ಹವಳ ಬೇರೆ, ಅದು ಆಳದ ಕತ್ತಲಲ್ಲಿ ಬೆಳೆಯುವಂಥದ್ದು. ಇದು ಬಿಸಿಲು ಬೀಳುವ ನೀರಿನಲ್ಲಿ ದಿಬ್ಬ ಕಟ್ಟುವ ಹವಳ, ಪುಸ್ತಕದ ಹೆಸರು ಪೋರೈಟಿಸ್. ಹತ್ತಿರ ಬಾಗಿ ನೋಡಿದರೆ ಮೈತುಂಬ ಗಸಗಸೆ ಕಾಳಿನಷ್ಟು ಸಣ್ಣ ಗುಳಿಗಳು. ಒಂದೊಂದು ಗುಳಿಯಲ್ಲೂ ಒಂದೊಂದು ಪ್ರಾಣಿ ಕೂತಿತ್ತು. ಅದಕ್ಕೆ ಒಂದು ಬಾಯಿ, ಬಾಯಿಯ ಸುತ್ತ ಮೀಸೆಯಂಥ ಕೈಗಳು. ಕತ್ತಲಾದ ಮೇಲೆ ಕೈ ಚಾಚಿ ನೀರಿನಲ್ಲಿ ತೇಲುವ ಕಣ್ಣಿಗೆ ಕಾಣದ ಹುಳುಗಳನ್ನು ಹಿಡಿದು ತಿನ್ನುತ್ತದೆ. ಸಮುದ್ರದ ನೀರಿನಲ್ಲಿ ಕರಗಿರುವ ಸುಣ್ಣದ ಅಂಶವನ್ನು ಹೀರಿ ಕೂತಲ್ಲೇ ತನ್ನ ಬುಡಕ್ಕೆ ಕಲ್ಲು ಕಟ್ಟಿಕೊಳ್ಳುತ್ತ ಮೇಲೇರುತ್ತದೆ. ವರ್ಷಕ್ಕೆ ಒಂದು ಉಗುರಿನಷ್ಟು ಬೆಳೆದರೆ ಹೆಚ್ಚು. ನಮ್ಮ ಗಡ್ಡೆಗೆ ಹೆಚ್ಚುಕಡಿಮೆ ನನ್ನಷ್ಟೇ ವಯಸ್ಸಾಗಿತ್ತು.

"ಮತ್ತೆ ಶರಾವತಿ ಸಮುದ್ರ ಸೇರೋ ಹೊನ್ನಾವರದಲ್ಲೇ ಸಿಗಲ್ವಾ ಅಕ್ಕೋರೆ? ಅಷ್ಟು ದೂರ ದ್ವೀಪಕ್ಕೆ ಯಾಕ್ ಹೋಗ್ಬೇಕು?" ಎಂದು ಒಬ್ಬ ಕೇಳಿದ. ಒಳ್ಳೆಯ ಪ್ರಶ್ನೆ. ನಮ್ಮ ಹೊಳೆ ಮಳೆಗಾಲದಲ್ಲಿ ಹೊತ್ತೊಯ್ಯುವ ಸಿಹಿನೀರೂ ಕೆಸರೂ ಹವಳಕ್ಕೆ ಆಗಿಬರುವುದಿಲ್ಲ. ಅದಕ್ಕೆ ಬೆಚ್ಚಗಿನ ಉಪ್ಪುನೀರು ಬೇಕು, ನೀರು ತಿಳಿಯಾಗಿ ಬಿಸಿಲು ಒಳಗಿಳಿಯಬೇಕು. ಪ್ರಾಣಿಗೆ ಬಿಸಿಲು ಯಾಕೆ? ಅದರ ಮೈಯೊಳಗೆ ಪಾಚಿಯ ಜಾತಿಯ ಕಣಗಳು ವಾಸವಾಗಿವೆ. ಅವು ಗಿಡದ ಎಲೆಯಂತೆ ಬಿಸಿಲಿನಲ್ಲಿ ಅನ್ನ ಮಾಡುತ್ತವೆ. ಇದನ್ನು ಮಕ್ಕಳಿಗೆ ಮುಟ್ಟಿಸಬೇಕಲ್ಲ, ನಾನು ಗೇಣಿಯ ಉದಾಹರಣೆ ಕೊಟ್ಟುಬಿಟ್ಟೆ. "ಪಾಚಿ ಗೇಣಿದಾರ, ಹವಳ ಒಡೆಯ. ಪಾಚಿಗೆ ಇರೋಕೆ ಜಾಗ ಸಿಗುತ್ತೆ, ದುಡಿದದ್ದರಲ್ಲಿ ಹೆಚ್ಚಿನ ಪಾಲು ಒಡೆಯನಿಗೆ ಕೊಡುತ್ತೆ."

ನಾಗವೇಣಿ ಎದ್ದು ನಿಂತಳು. "ಒಡೆಯ ಗೇಣಿದಾರನ್ನ ಒಕ್ಕಲೆಬ್ಬಿಸಿದ್ರೆ ಏನಾಗುತ್ತೆ ಅಕ್ಕೋರೆ?"

ಮಕ್ಕಳಲ್ಲಿ ಅರ್ಧ ಗೇಣಿದಾರರ ಮನೆಯವರು, ಉಳಿದರ್ಧದಲ್ಲಿ ಒಡೆಯರ ಮನೆಯವರೂ ಇದ್ದರು. ಅವರಲ್ಲೊಬ್ಬ ಶಾಲಾ ಕಮಿಟಿಯ ಅಧ್ಯಕ್ಷರ ಮಗ. ಉತ್ತರ ನನಗೆ ಗೊತ್ತಿರಲಿಲ್ಲ, "ಓದಿ ಹೇಳ್ತೀನಿ" ಎಂದೆ. ಸಂಜೆಯೊಳಗೆ ಮಾತು ಅಧ್ಯಕ್ಷರ ಜಗಲಿ ತಲುಪಿ, ಅಲ್ಲಿಂದ ಶೇಷಗಿರಿ ಮಾಸ್ತರರಿಗೆ ಬಂತು. ಮಾಸ್ತರು ನನ್ನನ್ನು ಕರೆಸಿ, "ಸಮುದ್ರದೊಳಗೆ ಗೇಣಿ ಎಂತಕ್ಕೆ ತಂದೆ ಕೂಸೆ? ಅಲ್ಲಿಗೂ ಜಗಳ ಹಚ್ಚವಾ?" ಎಂದು ಹಣೆ ಚಚ್ಚಿಕೊಂಡರು. ಉತ್ತರ ಸಿಕ್ಕಿದ್ದು ಎಷ್ಟೋ ವರ್ಷಗಳ ಮೇಲೆ. ನೀರು ವಿಪರೀತ ಬಿಸಿಯಾದರೆ ಹವಳ ಪಾಚಿಯನ್ನು ಮೈಯಿಂದ ಹೊರದಬ್ಬುತ್ತದಂತೆ. ಆಮೇಲೆ ಬಣ್ಣ ಕಳೆದುಕೊಂಡು ಬಿಳಿಚಿ, ಹೊಟ್ಟೆಗಿಲ್ಲದೆ ತಾನೇ ಸಾಯುತ್ತದಂತೆ. ಅಷ್ಟು ಹೊತ್ತಿಗೆ ಉಳುವವನೇ ಒಡೆಯ ಎಂಬ ಕಾನೂನು ಬಂದು ನಾಗವೇಣಿಯ ಅಪ್ಪನೇ ಆ ಗದ್ದೆಯ ಒಡೆಯರಾಗಿದ್ದರು. ಆದರೂ ನಾನು ಪತ್ರ ಬರೆದು ಅವಳಿಗೆ ತಿಳಿಸಿದೆ, ಸಾಲ ಇಟ್ಟುಕೊಳ್ಳಬಾರದು ನೋಡಿ.

ಇನ್ನು ಮುಖ್ಯ ಸಂಗತಿಗೆ ಬರುತ್ತೇನೆ. ದಸರಾ ರಜೆ ಮುಗಿದ ಮೊದಲ ಸೋಮವಾರ ಇನ್‌ಸ್ಪೆಕ್ಟರ್ ಬರುತ್ತಾರೆಂದು ಸುದ್ದಿ ಬಂತು. ಶಿವಮೊಗ್ಗದ ಯಾವುದೋ ಸಭೆಯಲ್ಲಿ ನಮ್ಮ ಮಾಸ್ತರು ಧೈರ್ಯ ಮಾಡಿ, "ನಮ್ಮಲ್ಲೀಗ ಅರಬ್ಬೀ ಸಮುದ್ರದ ಹವಳವೇ ಇದೆ ಸಾರ್" ಎಂದು ಸಾಹೇಬರಿಗೆ ಹೇಳಿಯೂ ಆಗಿತ್ತು. ಬೀರುವಿನಲ್ಲಿ ಹಿಡಿಸದ ಹವಳವನ್ನು ಕೊಟ್ಟಿಗೆಯ ಪಕ್ಕದಲ್ಲೇ ಬಿಟ್ಟು ನಾನು ನಿಶ್ಚಿಂತೆಯಿಂದ ರಜೆಗೆ ಸಾಗರಕ್ಕೆ ಹೋದೆ.

ಸೋಮವಾರ ಬೆಳಿಗ್ಗೆ ಬಸ್ಸಿಳಿದು ಬಂದರೆ ಶಾಲೆ ಮದುವೆಮನೆಯಂತೆ ಹೊಳೆಯುತ್ತಿತ್ತು. ಸುಣ್ಣ ಬಳಿದಿದ್ದರು. ಅದರಲ್ಲೂ ನಮ್ಮ ವಿಜ್ಞಾನದ ಕೋಣೆ ಕಣ್ಣು ಕುಕ್ಕುವಷ್ಟು ಬೆಳ್ಳಗಿತ್ತು. ಬಾಗಿಲಲ್ಲಿ ಮಂಜಪ್ಪ, ಬಹುಮಾನಕ್ಕೆ ಕಾದವನ ಹಾಗೆ ನಿಂತಿದ್ದ.

"ಚೊಲೊ ಮಾಡಿದ್ಯ ಮಂಜಪ್ಪ" ಎಂದೆ. "ಹೋಗಿ ಆ ಹವಳ ತಂದು ಮೇಜಿನ ಮೇಲಿಡು."

"ಯಾವ್ ಹವಳ ಅಕ್ಕೋರೆ?"

"ಅದೇ, ಕೊಟ್ಟಿಗೆ ಹತ್ರ ಇಟ್ಟಿದ್ದ ಕಲ್ಲು."

ಮಂಜಪ್ಪನ ಮುಖ ಅರಳಿತು. "ಅದ್ನೇ ಅಲ್ವಾ ಬಳ್ದಿದ್ದು!"

ಆದದ್ದು ಇಷ್ಟು. ಘಟ್ಟದ ಕೆಳಗಿನಿಂದ ಬರಬೇಕಾದ ಚಿಪ್ಪಿನ ಸುಣ್ಣ ಬರಲಿಲ್ಲ. ಮಳೆಗೆ ರಸ್ತೆ ಕೆಟ್ಟಿತ್ತು, ಇದ್ದಬದ್ದ ಲಾರಿಗಳೆಲ್ಲ ಅಣೆಕಟ್ಟಿಗೆ ಸಿಮೆಂಟು ಹೊರುತ್ತಿದ್ದವು. ಇದ್ದ ಸುಣ್ಣ ಹೊರಗೋಡೆಗೇ ಮುಗಿಯಿತು. "ಹೇಗಾದರೂ ಮಾಡಿ ಸುಣ್ಣ ಹುಟ್ಟಿಸು" ಎಂದು ಮಾಸ್ತರು ಹೇಳಿದರು. ಮಂಜಪ್ಪನ ಅಜ್ಜಿಮನೆ ಘಟ್ಟದ ಕೆಳಗೆ, ಸಮುದ್ರದಿಂದ ಬಂದ ಬಿಳಿ ವಸ್ತು ಯಾವುದಕ್ಕೆಂದು ಅವನಿಗೆ ಹೇಳಿಕೊಡಬೇಕೆ? ನಮ್ಮ ಕಡೆ ಸಮುದ್ರದಿಂದ ಘಟ್ಟ ಹತ್ತಿ ಬರುವುದು ಉಪ್ಪು, ಮೀನು, ಸುಣ್ಣ. ಇದು ಉಪ್ಪಲ್ಲ, ಮೀನಲ್ಲ. ಒಡೆದು, ಗುಂಡಿ ತೋಡಿ, ಇದ್ದಿಲು ಉಮಿ ತುಂಬಿ, ಕಬ್ಬಿಣದ ಕೆಲಸದ ಆಚಾರರ ಮನೆಯಿಂದ ತಿದಿ ತಂದು ಊದಿ ಸುಟ್ಟಿದ್ದ. ನೀರು ಹಾಕಿದರೆ ಬೆಣ್ಣೆಯಂಥ ಸುಣ್ಣ.

"ನೀವೇ ಹೊತ್ಕಂಡ್ ಬಂದಿದ್ದಲ್ವಾ, ಅದ್ಕೆ ಬೇರೆ ಕಡೆ ಒಂದು ಹನಿ ಹಾಕ್ಲಿಲ್ಲ. ನಿಮ್ ಕೋಣೆಗೇ ಬಳ್ದೆ" ಎಂದ. ನನ್ನ ಮುಖ ನೋಡಿ ಅವನಿಗೆ ಅನುಮಾನ ಬಂತು. "ಸುಣ್ಣಕ್ಕಲ್ದೆ ಮತ್ತೆಂತಕ್ಕೆ ತಂದಿದ್ರಿ ಅಕ್ಕೋರೆ? ಅಷ್ಟು ನಾತ ಸಹಿಸ್ಕಂಡು?"

ಬೈಯಲು ಬಾಯಿ ತೆರೆದವಳಿಗೆ ನಗು ಬಂತು, ನಗಲು ಹೋದರೆ ಅಳು ಬಂತು. ಮದುವೆಯ ದಿನ ಗಂಡೇ ಇಲ್ಲದ ಹಾಗಾಗಿತ್ತು. ಶೇಷಗಿರಿ ಮಾಸ್ತರರಿಗೆ ವಿಷಯ ತಿಳಿದಾಗ ಅವರು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಬೆರಳು ಎಲೆಯ ಮೇಲೇ ನಿಂತಿತು.

"ಈ ಡಬ್ಬಿಯಲ್ಲಿ ಇಪ್ಪದೂ ಅದೇಯ ಕೂಸೆ. ಮಂಜಪ್ಪ ತಂದುಕೊಟ್ಟ. ಭಾರೀ ಲಾಯ್ಕಿದ್ದು ಹೇಳಿ ತಿಂತಾ ಇದ್ದಿದ್ದಿ. ಅಂದ್ರೆ ಆನು ಪ್ರಾಣಿ ತಿಂದಾಂಗಾತು..."

"ಇಷ್ಟು ವರ್ಷ ತಿಂದ ಚಿಪ್ಪಿನ ಸುಣ್ಣ ಯಾವ ಮರದಲ್ಲಿ ಬಿಟ್ಟಿತ್ತು ಮಾಸ್ತರೆ?" ಎಂದೆ. ಅವರು ಎಲೆಯನ್ನು ಮಡಿಸಿ ಬಾಯಿಗೆ ಹಾಕಿಕೊಂಡರು.

ಅಷ್ಟರಲ್ಲಿ ಜೀಪಿನ ಸದ್ದು.

ಸಾಹೇಬರು ಕೋಣೆಗೆ ಬಂದು, ಗೋಡೆಗೆ ಒರಗಿಸಿದ್ದ ಕುರ್ಚಿಯಲ್ಲಿ ಕೂತು, "ಎಲ್ಲಮ್ಮ ನಿಮ್ಮ ಹವಳ?" ಎಂದರು. ಮೇಜಿನ ಮೇಲೆ ಹಸಿರು ಹಾವು ಒಂದೇ ಇತ್ತು. ಮಕ್ಕಳಿಗೆಲ್ಲ ಆಗಲೇ ಸುದ್ದಿ ಗೊತ್ತಾಗಿತ್ತು. ನಾಗವೇಣಿ ನನ್ನನ್ನೇ ನೋಡುತ್ತಿದ್ದಳು. ಅವಳ ಅಪ್ಪ ಹೇಳಿದ ಮಾತು ನನ್ನ ಕಿವಿಯಲ್ಲಿತ್ತು. ಕಳ್ಳತನವಾಯಿತು ಎನ್ನಬಹುದಿತ್ತು, ಒಡೆದುಹೋಯಿತು ಎನ್ನಬಹುದಿತ್ತು. ಎರಡಕ್ಕೂ ಮಂಜಪ್ಪನ ತಲೆ ಕೊಡಬೇಕಾಗುತ್ತಿತ್ತು.

"ಗೋಡೆ ಮೇಲಿದೆ ಸಾರ್" ಎಂದೆ.

"ಚಿತ್ರವೇ? ಮತ್ತೆ ಹೂಕೋಸೇ?"

"ಚಿತ್ರ ಅಲ್ಲ ಸಾರ್, ಹವಳವೇ. ನಾಲ್ಕೂ ಗೋಡೆ ಮೇಲೆ. ಸ್ವಲ್ಪ ನಿಮ್ಮ ಬೆನ್ನ ಮೇಲೂ ಇದೆ."

ಸಾಹೇಬರು ಎದ್ದು ಕೋಟು ಬಿಚ್ಚಿ ನೋಡಿದರು. ಕಪ್ಪು ಕೋಟಿನ ಬೆನ್ನು ಪೂರ್ತಿ ಬೆಳ್ಳಗಾಗಿತ್ತು. ಆಮೇಲೆ ಶುರುವಾಯಿತು ನೋಡಿ ಅವರ ಬೈಗುಳ. ವಿಜ್ಞಾನ ಎಂದರೆ ಏನು, ಇಲಾಖೆ ಎಂದರೆ ಏನು, ಮಲೆನಾಡಿನವರ ಉದಾಸೀನ ಎಂಥದು, ಅವರ ಕೋಟು ಎಲ್ಲಿ ಹೊಲಿಸಿದ್ದು, ಎಲ್ಲವೂ ಬಂತು. ಉಸಿರಿಗಾಗಿ ನಿಂತಾಗ ನಾನು ನಡುವೆ ತೂರಿ ನಡೆದದ್ದನ್ನು ನಡೆದ ಹಾಗೆ ಹೇಳಿದೆ. "ಹವಳ ಅಂದ್ರೆ ಕ್ಯಾಲ್ಸಿಯಂ ಕಾರ್ಬೊನೇಟ್ ಸಾರ್. ಆಕಾರ ಹೋಗಿದೆ, ವಸ್ತು ಎಲ್ಲೂ ಹೋಗಿಲ್ಲ."

"ಹಾಗೋ? ಆಸಿಡ್ ತನ್ನಿ. ಕಾರ್ಬೊನೇಟ್ ಆದ್ರೆ ನೊರೆ ಬರಬೇಕು."

ಅವರೇ ಗೋಡೆಗೆ ಆಸಿಡ್ ಹನಿಸಿದರು. ಎಲ್ಲರೂ ಬಾಗಿ ನೋಡಿದೆವು. ಹನಿ ಸುಮ್ಮನೆ ಜಾರಿ ಇಳಿಯಿತು. ಅಲ್ಲೊಂದು ಇಲ್ಲೊಂದು ಗುಳ್ಳೆ, ಅಷ್ಟೇ. ಶೇಷಗಿರಿ ಮಾಸ್ತರು ಕಣ್ಣು ಮುಚ್ಚಿಕೊಂಡರು.

"ಇದು ಬರೀ ಸುಣ್ಣ. ಹವಳ ಅಲ್ಲ" ಎಂದು ಸಾಹೇಬರು ಪೆನ್ನು ತೆಗೆದರು.

"ಅದು ಉಸಿರು ಕಳ್ಕೊಂಡಿದೆ ಸಾರ್" ಎಂದು ಮುಂದಿನ ಬೆಂಚಿನಿಂದ ದನಿ ಬಂತು. ನಾಗವೇಣಿ. ನಾನು ಎಬ್ಬಿಸಿರಲಿಲ್ಲ, ತಾನೇ ಎದ್ದಿದ್ದಳು. ಸುಣ್ಣದ ನೀರಿನ ಪಾಠ ರಜೆಗೆ ಮುಂಚೆಯಷ್ಟೇ ಆಗಿತ್ತು. "ಸುಡುವಾಗ ಅದರೊಳಗಿನ ಕಾರ್ಬನ್ ಡೈ ಆಕ್ಸೈಡ್ ಹೋಯ್ತು. ಗಾಳಿಯಿಂದ ವಾಪಸ್ ತಗೋಬೇಕು, ಅದಕ್ಕೆ ದಿನ ಹಿಡಿಯುತ್ತೆ. ಈಗಲೇ ಬೇಕಾದ್ರೆ ಊದಿ ತೋರಿಸ್ತೀನಿ. ಮಾಸ್ತರ ಡಬ್ಬಿ ಬೇಕು."

ಮಾಸ್ತರು ಎರಡೂ ಕೈಯಲ್ಲಿ ಸುಣ್ಣದ ಡಬ್ಬಿ ತಂದು ಪ್ರಸಾದದ ಹಾಗೆ ಕೊಟ್ಟರು. ಬೆರಳಿನಷ್ಟು ಸುಣ್ಣವನ್ನು ಲೋಟದ ನೀರಿನಲ್ಲಿ ಕದಡಿ, ತಳ ಕೂರಲು ಬಿಟ್ಟೆವು. ಅದು ಕೂರುವವರೆಗೆ ಸಾಹೇಬರು ಮಕ್ಕಳನ್ನು ಗಿರಣಿಗೆ ಹಾಕಿದ ಹಾಗೆ ಅರೆದರು. ಹವಳಕ್ಕೆ ಬಾಯಿ ಎಷ್ಟು? ಊಟ ಯಾವಾಗ? ಹೊಳೆ ಸೇರುವಲ್ಲಿ ಯಾಕಿಲ್ಲ? ಮಕ್ಕಳು ಪಟಪಟ ಹೇಳಿದರು, ಮುಟ್ಟಿ ಮೂಸಿ ಕಲಿತದ್ದು ಮರೆಯುವುದಿಲ್ಲ. ಅಧ್ಯಕ್ಷರ ಮಗ ಎದ್ದು, "ಪಾಚಿ ಒಡೆಯನಿಗೆ ಗೇಣಿ ಕೊಡುತ್ತೆ ಸಾರ್" ಎಂದಾಗ ಮಾಸ್ತರರಿಗೆ ಕೆಮ್ಮು ಬಂತು.

ಮೇಲಿನ ತಿಳಿನೀರನ್ನು ಕೊಳವೆಗೆ ಬಗ್ಗಿಸಿ, ಪಪ್ಪಾಯಿ ಎಲೆಯ ದಂಟು ಇಳಿಸಿ ನಾಗವೇಣಿ ಊದಿದಳು. ಗುಳುಗುಳು ಸದ್ದು. ಗಾಜಿನಂತಿದ್ದ ನೀರು ನೋಡನೋಡುತ್ತ ಹಾಲಿನಂತೆ ಬೆಳ್ಳಗಾಯಿತು. ಆ ಬೆಳ್ಳನೆಯ ನೀರಿಗೆ ನಾನು ಆಸಿಡ್ ಬಿಟ್ಟೆ. ಈ ಸಲ ಗುಳ್ಳೆಗಳೆದ್ದು ನೀರು ಮತ್ತೆ ತಿಳಿಯಾಯಿತು.

"ಇದು ಹವಳದ ಕಲ್ಲೇ ಸಾರ್. ನನ್ನ ಉಸಿರು ಸೇರಿ ಮತ್ತೆ ಬಂತು" ಎಂದಳು. "ಗೋಡೇದೂ ಹಾಗೇ ಆಗುತ್ತೆ. ನಾವು ಈ ಕೋಣೇಲಿ ಕೂತು ಉಸಿರಾಡ್ತಾ ಇರಬೇಕು, ಅಷ್ಟೇ. ಕೋಣೆ ಮುಚ್ಚಿದ್ರೆ ಆಗಲ್ಲ."

ಖಾಲಿ ಕೋಣೆಯಲ್ಲೂ ಗಾಳಿ ಇರುತ್ತದೆ, ತಡವಾದರೂ ಗೋಡೆ ಕಲ್ಲಾಗಿಯೇ ಆಗುತ್ತದೆ. ಇದು ನನಗೂ ಗೊತ್ತಿತ್ತು, ಸಾಹೇಬರಿಗೂ ಗೊತ್ತಿತ್ತು, ಆ ತುಂಟಿಗಂತೂ ಚೆನ್ನಾಗಿಯೇ ಗೊತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ. ಸಾಹೇಬರು ಪೆನ್ನಿಗೆ ಟೋಪಿ ಹಾಕಿದರು.

"ಒಂದು ವರ್ಷ ಕೊಡ್ತೀನಿ. ಬಂದು ಇದೇ ಗೋಡೆಗೆ ಹನಿಸ್ತೀನಿ. ನೊರೆ ಬಂದ್ರೆ ವಿಭಾಗ ಕಾಯಂ. ಬರದಿದ್ರೆ ಮೊದಲು ನನ್ನ ಕೋಟಿನ ಅಗಸರ ಖರ್ಚು, ಆಮೇಲೆ ಬೀಗ."

ಆ ವರ್ಷ ನಮ್ಮ ತರಗತಿ ಉಸಿರಾಡಿದಷ್ಟು ಶ್ರದ್ಧೆಯಿಂದ ಜಗತ್ತಿನಲ್ಲಿ ಯಾರೂ ಉಸಿರಾಡಿರಲಾರರು. ಬೇಡ ಎಂದರೂ ಕೇಳದೆ ಹುಡುಗರು ಬಿಡುವಿನಲ್ಲಿ ಗೋಡೆಗೆ ಮುಖವಿಟ್ಟು ಊದುತ್ತಿದ್ದರು. ಶೇಷಗಿರಿ ಮಾಸ್ತರೂ ಯಾರೂ ಇಲ್ಲದ ಹೊತ್ತು ನೋಡಿ ಊದಿ ಹೋಗುತ್ತಿದ್ದರು. ಮೂಲೆಯಲ್ಲಿ ಎಲೆಯಡಿಕೆಯ ಕೆಂಪು ಚುಕ್ಕಿ ಬಿದ್ದು ಗುಟ್ಟು ರಟ್ಟಾಯಿತು. ಮಂಜಪ್ಪ ಮಾತ್ರ ಬಾಗಿಲಲ್ಲಿ ನಿಂತು, "ಸುಣ್ಣಕ್ಕೆ ಉಸಿರು ಕೊಡ್ಬೇಕು ಅಂತ ಮೊದ್ಲೇ ಹೇಳಿದ್ರೆ ಸುಡ್ತಾನೇ ಇರ್ಲಿಲ್ಲ" ಎಂದು ಗೊಣಗುತ್ತಿದ್ದ. ಅವನ ಮಾತಿನಲ್ಲಿ ನ್ಯಾಯವಿತ್ತು. ಹೊಸ ಟೀಚರುಗಳೇ, ಹೇಳುವುದಾದರೆ ಇದೊಂದನ್ನೇ ಹೇಳುತ್ತೇನೆ: ಶಾಲೆಗೆ ಏನೇ ತಂದರೂ ಅದು ಯಾಕೆಂದು ಮೊದಲು ಜವಾನನಿಗೆ ಪಾಠ ಮಾಡಿ, ಆಮೇಲೆ ಮಕ್ಕಳಿಗೆ.

ಮರುವರ್ಷ ಸಾಹೇಬರು ಬಂದರು. ಅದೇ ಕೋಟು. ಈ ಸಲ ಕುರ್ಚಿಯನ್ನು ಗೋಡೆಯಿಂದ ದೂರ ಎಳೆದುಕೊಂಡರು. ನಾಗವೇಣಿ ಹತ್ತನೇ ತರಗತಿ. ಹಿಂದಿನ ಸಂಜೆಯೇ ಅವಳ ಅಪ್ಪ ಅರಳಸುರಳಿಯಿಂದ ಬಂದು, ಫಲಿತಾಂಶ ಕಾಯುವವರಂತೆ ಹೊರಗೆ ಜಗಲಿಯಲ್ಲಿ ಕೂತಿದ್ದರು. ಬೇಕಾದರೆ ಮಗಳ ಪೆಟ್ಟಿಗೆ ಹೊತ್ತುಕೊಂಡೇ ಹೋಗಲು ಬಂದಿದ್ದರು ಎಂದು ಆಮೇಲೆ ಗೊತ್ತಾಯಿತು.

ಸಾಹೇಬರು ಬೀರು ತೆರೆದು, ಬಾಟಲಿ ತೆಗೆದು, ತಾವು ಹಿಂದಿನ ಸಲ ಕೂತಿದ್ದ ಜಾಗಕ್ಕೇ ಹೋದರು. ಕೋಟಿಗೆ ಸುಣ್ಣ ಮೆತ್ತಿಕೊಂಡು ತೆಳ್ಳಗಾದ ಗುರುತು ಇನ್ನೂ ಅಲ್ಲಿತ್ತು. ಅದರ ಮೇಲೆ ಒಂದು ಹನಿ ಬಿಟ್ಟರು.

ಬುಸ್ಸೆಂದು ನೊರೆ ಎದ್ದಿತು. ಬೆಳ್ಳನೆಯ ನೊರೆ ಗೋಡೆಯುದ್ದಕ್ಕೂ ಇಳಿಯಿತು. ಇಡೀ ತರಗತಿ ಹೋ ಎಂದು ಕೂಗಿತು. ಶೇಷಗಿರಿ ಮಾಸ್ತರು ಎಲ್ಲರೆದುರೇ ನಮ್ಮ ಮನೆಮಾತಿನಲ್ಲಿ ದೇವರನ್ನು ನೆನೆದರು. ನನ್ನ ಕಣ್ಣಲ್ಲಿ ನೀರು ಬಂತು, ಆಸಿಡ್ಡಿನ ಹೊಗೆ ಎಂದುಕೊಂಡು ಒರೆಸಿಕೊಂಡೆ.

ಸಾಹೇಬರು ನಾಗವೇಣಿಯ ಕಡೆ ತಿರುಗಿದರು. ಮುಖ ಗಂಟು ಹಾಕಿಕೊಂಡೇ, "ಈಗ ಹೊರಗೆ ಬಂತಲ್ಲ, ಇದು ಯಾರ ಉಸಿರು ಹೇಳು?" ಎಂದರು.

"ನಮ್ದೇ ಸಾರ್" ಎಂದಳು ಅವಳು. ಆಮೇಲೆ ಸ್ವಲ್ಪ ಯೋಚಿಸಿ, "ನೀವು ಕೂತಿದ್ದ ಜಾಗ ಅಲ್ವಾ, ಅಲ್ಲಿ ನಿಮ್ದೇ ಜಾಸ್ತಿ ಇರಬೇಕು. ಹೋದ ವರ್ಷ ಭಾಳ ಹೊತ್ತು ಬೈದಿದ್ರಲ್ಲ" ಎಂದಳು.

ಸಾಹೇಬರು ನಕ್ಕರು. ಬಾಗಿಲಾಚೆ ಇದ್ದ ಅವಳ ಅಪ್ಪನಿಗೆ ಒಳಗೆ ಏನಾಯಿತೆಂದು ತಿಳಿಯದಿದ್ದರೂ ಇನ್‌ಸ್ಪೆಕ್ಟರ್ ನಕ್ಕದ್ದು ಕೇಳಿಸಿತು. ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಅವರು ಮಗಳನ್ನು ಕರೆಯದೆ ಒಬ್ಬರೇ ಬಸ್ಸಿಗೆ ಹೋದರು.